ಕರಿಯ ಹೊನ್ನು

ಗಣಿತದಿಂದ ಹಿಡಿದು ಹಳಗನ್ನಡ ಪದ್ಯದವರೆಗೆ, ತಲೆಗೆ ಹತ್ತದ್ದೆಲ್ಲ ನಮಗೆ ಕಬ್ಬಿಣದ ಕಡಲೆ. ಕಡಲೆ ಹಾಗಿರಲಿ, ‘ಕಬ್ಬಿಣ’ವನ್ನೇ ಒಡೆದರೆ ಒಳಗೆ ‘ಕರ್’, ‘ಪೊನ್’ ಎಂಬ ಎರಡು ತುಂಡು ಸಿಗುತ್ತವೆ. ಕರಿಯ ಹೊನ್ನು. ಹಳಗನ್ನಡದಲ್ಲಿ ಅದು ‘ಕರ್ಬುನ’. ತುಳುವರಿಗೆ ಈಗಲೂ ‘ಕರ್ಬ’. ತಮಿಳರು ‘ಇರುಂಬು’ ಅನ್ನುತ್ತಾರಾದರೂ ಅವರ ಹಳೆಯ ನುಡಿಯಲ್ಲಿ ‘ಕರುಂಪೊನ್’ ಇದೆ.

ಕಬ್ಬಿಣಕ್ಕೆ ಹೊನ್ನಿನ ಮರ್ಯಾದೆ ಏಕೆ? ಪೊನ್ ಒಂದು ಕಾಲಕ್ಕೆ ಲೋಹಕ್ಕೆಲ್ಲ ಸಲ್ಲುವ ಹೆಸರೂ ಆಗಿತ್ತು. ಯಾವ ಲೋಹ ಅನ್ನುವುದನ್ನು ಬಣ್ಣ ಹೇಳುತ್ತಿತ್ತು. ಬೆಳ್ಳಗಿದ್ದದ್ದು ಬೆಳ್ಳಿ. ಕೆಂಪಗಿದ್ದ ತಾಮ್ರ ಚೆಂಬು. ಆ ಹೆಸರು ಆಮೇಲೆ ಪಾತ್ರೆಗೆ ಅಂಟಿಕೊಂಡಿತು. ಈಗ ಸ್ಟೀಲಿನದ್ದಾದರೂ ಚೆಂಬೇ.

ಬೇರೊಂದು ಲೋಹ ಕಂಡವರಷ್ಟೇ ಇಂಥ ಹೆಸರು ಇಟ್ಟಾರು. ನೆಲವೂ ಈ ಮಾತಿಗೆ ಹೂಂ ಅನ್ನುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡ ನವಶಿಲಾಯುಗದ ಕೊಡಲಿ ಕಾರ್ಖಾನೆ. ಅಲ್ಲಿನ ಕಪ್ಪು ಡೊಲರೈಟ್ ಕಲ್ಲನ್ನು ಮೊದಲು ಚಕ್ಕೆ ಎಬ್ಬಿಸಿ ಆಕಾರಕ್ಕೆ ತರುತ್ತಿದ್ದರು, ಆಮೇಲೆ ಕುಟ್ಟಿ ಉಬ್ಬು ತೆಗೆಯುತ್ತಿದ್ದರು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಬಾಯಿ ಹರಿತ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತಗ್ಗುಗಳು ಇನ್ನೂ ಇವೆ. ಇಂಥ ಕೊಡಲಿಯ ಕಾಲದಲ್ಲೇ ಅದೇ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಚಿನ್ನದ ಒಡವೆ ಇತ್ತು. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ ಬ್ರಹ್ಮಗಿರಿಯಲ್ಲಿ ಕಲ್ಲುಕೊಡಲಿಗಳ ನಡುವೆ ತಾಮ್ರ, ಕಂಚಿನ ಕೆಲವೇ ತುಣುಕು ಸಿಕ್ಕವು. ನಮ್ಮ ಕಡೆ ಲೋಹ ಕೆಲಸಕ್ಕಿಂತ ಹೆಚ್ಚಾಗಿ ಸಿಂಗಾರಕ್ಕೆ ಬಂತು ಅಂತ ನನಗನ್ನಿಸುತ್ತದೆ. ಮರ ಕಡಿಯುವ ಪಾಡು ಕಲ್ಲಿನದ್ದೇ.

ಹಾಗಾಗಿ ದಕ್ಷಿಣದಲ್ಲಿ ‘ಕಂಚಿನ ಯುಗ’ ಅಂತ ಬೇರೆ ಅಧ್ಯಾಯವೇ ಇಲ್ಲ, ಶಾಲೆಯ ಪಾಠ ಏನೇ ಹೇಳಲಿ. ಕಲ್ಲಾದ ಮೇಲೆ ಕಬ್ಬಿಣ. ತುಂಗಭದ್ರೆಯ ದಡದ ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದಾಗ ಸುಮಾರು ಮೂರು ಸಾವಿರ ವರ್ಷ ಹಿಂದಿನ ಕಬ್ಬಿಣ ಹೊರಬಂತು.

ಆದರೆ ಕಬ್ಬಿಣದ ಕೆಲಸ ತಾಮ್ರದಷ್ಟು ಸುಲಭವಲ್ಲ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಚ್ಚಿಗೆ ಹೊಯ್ಯಬಹುದು. ಕಬ್ಬಿಣಕ್ಕೆ 1538 ಬೇಕು. ತಿದಿ ಎಷ್ಟೇ ಒತ್ತಿದರೂ ಆ ಕಾಲದ ಇದ್ದಿಲ ಕುಲುಮೆ ಅಷ್ಟು ಕಾಯುತ್ತಿರಲಿಲ್ಲ. ಅದಿರು ಕರಗಿ ಹರಿಯದೆ, ತೂತುತೂತಾದ ಗಟ್ಟಿಯಾಗಿ ಕೂರುತ್ತಿತ್ತು. ಕೆಂಪಗಿರುವಾಗಲೇ ಬಡಿದು ಬಡಿದು ಅದರ ಕಿಟ್ಟ ಕಳೆಯಬೇಕು. ಹೊನ್ನಿನ ಹೆಸರು ಪಡೆದರೂ ಪೆಟ್ಟು ತಿನ್ನದೆ ಬಾಳಿಗೆ ಬರದ ಲೋಹ.

ಕಮ್ಮಾರ ಅದನ್ನು ಬಡಿಯುವುದು ಅಡಿಗಲ್ಲಿನ ಮೇಲೆ. ಹೆಸರಿಗೆ ಕಲ್ಲು, ಈಗ ಅಪ್ಪಟ ಕಬ್ಬಿಣ. ಮಂತ್ರಿಗಳು ಇಡುವ ಅಡಿಗಲ್ಲು ಬೇರೆ, ಅದರ ಮೇಲೆ ಎಷ್ಟೋ ಸಲ ಏನೂ ಏಳುವುದಿಲ್ಲ.