ನಂಜುಂಡನ ಗಂಟಲು ಮತ್ತು ಒಂದು ಸೂಜಿಯ ಕಥೆ

ನಂಜನಗೂಡಿನ ದೇವರ ಹೆಸರೇ ನಂಜುಂಡ. ವಿಷ ಕುಡಿದು ಗಂಟಲಲ್ಲೇ ತಡೆದು ನಿಲ್ಲಿಸಿಕೊಂಡವನು. ತನ್ನ ಆನೆಯ ಕಣ್ಣು ವಾಸಿಯಾದಾಗ ಟಿಪ್ಪು ಇವನನ್ನು 'ಹಕೀಂ ನಂಜುಂಡ' ಎಂದು ಕರೆದ ಅನ್ನೋ ಕಥೆಯೂ ಇದೆ. ಮನುಷ್ಯರ ಗಂಟಲಲ್ಲಿ ಕೂತ ವಿಷವನ್ನು ಹುಡುಕೋದು ಮಾತ್ರ ಹಕೀಮರಿಗೆ ಬಹಳ ಕಾಲ ಕಷ್ಟವಾಗಿತ್ತು.

1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಪುಟ್ಟ ಕನ್ನಡಿ ಹಿಡಿದು ತನ್ನದೇ ಧ್ವನಿಪೆಟ್ಟಿಗೆಯನ್ನು ನೋಡಿಕೊಂಡ. ಕಾಣಿಸಿದ್ದೇನೋ ಸರಿ, ಕೈಗೆ ಸಿಗಬೇಕಲ್ಲ? 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್‌ಗೆ ಧ್ವನಿ ಬಿದ್ದುಹೋಯಿತು. ಮೆಕೆಂಜಿ ಎಂಬ ವೈದ್ಯ ಗಂಟಲಿಂದ ಚೂರು ತೆಗೆದ, ಮಹಾಪಂಡಿತ ವಿರ್ಕೋ ಪರೀಕ್ಷಿಸಿ 'ಕ್ಯಾನ್ಸರ್ ಕಾಣಲಿಲ್ಲ' ಎಂದ. ಮರುವರ್ಷ ಪಟ್ಟವೇರಿದ ಫ್ರೆಡರಿಕ್ 99 ದಿನಗಳಲ್ಲಿ ಸತ್ತ. ಕ್ಯಾನ್ಸರ್‌ನಿಂದಲೇ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟ್ ಪಾಸಾಯಿತು ಅಂದಮಾತ್ರಕ್ಕೆ ಬಗ್ ಇಲ್ಲ ಅಂತಲ್ಲ. ಸರಿಯಾದ ಜಾಗ ಮುಟ್ಟಿದೆಯಾ ಅನ್ನೋದೇ ಪ್ರಶ್ನೆ.

ಮೂಗಿನ ಹಿಂದಿನ ಜಾಗ, ನಾಲಿಗೆಯ ಬುಡ ಇವೆಲ್ಲ ಸುಲಭಕ್ಕೆ ಎಟುಕೋದಿಲ್ಲ. ಆದರೆ ಅಲ್ಲಿಯ ಕ್ಯಾನ್ಸರ್ ಎಷ್ಟೋ ಸಲ ಕತ್ತಿನಲ್ಲಿ ನೋವಿಲ್ಲದ ಗಂಟಾಗಿ ಮೊದಲು ಕಾಣಿಸಿಕೊಳ್ಳುತ್ತೆ. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಸರ್ಜನ್ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್, ಗಂಟಿಗೆ ಸೂಜಿ ಚುಚ್ಚಿ ಜೀವಕೋಶ ಹೀರಿ ನೋಡುವ ವಿಧಾನವನ್ನು ಪ್ರಕಟಿಸಿದರು. ಅವರದು 18 ಗೇಜ್, ಸುಮಾರು 1.2 ಮಿ.ಮೀ. ದಪ್ಪದ ಸೂಜಿ. ಮುಂದೆ ಸ್ವೀಡನ್ನಿನ ಫ್ರಾನ್ಸೆನ್ ಮತ್ತು ಜಾಯಿಚೆಕ್ ಇನ್ನೂ ಸಣ್ಣ ಸೂಜಿಯನ್ನು ರೂಢಿಗೆ ತಂದರು. ಇವತ್ತಿನ ಎಫ್‌ಎನ್‌ಎಸಿ ಅದೇ. 22-25 ಗೇಜ್, ಅಂದರೆ ರಕ್ತಪರೀಕ್ಷೆಯ ಸೂಜಿಯಷ್ಟೇ. ಒಳಗಿನ ಜಾಗಗಳಿಗೆ ಈಗ ಎಂಡೋಸ್ಕೋಪ್ ಇದೆ, ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೋಡಿಕೊಂಡು ಸೂಜಿ ಹಾಕುವ ವಿದ್ಯೆಯೂ ಇದೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಂಜನಗೂಡು, ತಿ.ನರಸೀಪುರದ ಕಡೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಇನ್ನೂ ಇದ್ದಾರೆ. 'ಗಂಟಿಗೆ ಸೂಜಿ ಚುಚ್ಚಿದ್ರೆ ಕೆರಳುತ್ತೆ' ಅನ್ನೋ ಭಯವೂ ಇದೆ. ಸಣ್ಣ ಸೂಜಿಯಿಂದ ಕ್ಯಾನ್ಸರ್ ಹರಡೋದು ತೀರಾ ಅಪರೂಪ. ಕೆರಳಿಸೋದು ಸೂಜಿಯಲ್ಲ, ಕಾಯುತ್ತಾ ಕೂತ ತಿಂಗಳುಗಳು.

ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ಊರಿಂದ ಇಪ್ಪತ್ತೈದು-ಮೂವತ್ತು ಕಿ.ಮೀ. ಅಷ್ಟೆ. ಬೆಂಗಳೂರಿನ ಕಿದ್ವಾಯಿ 1973ರಿಂದ ಇದೆ. ಕತ್ತಿನ ಗಂಟು ಎರಡು-ಮೂರು ವಾರವಾದರೂ ಕರಗಲಿಲ್ಲವಾ, ಧ್ವನಿ ಒಡೆದದ್ದು ಸರಿಹೋಗಲಿಲ್ಲವಾ, ತೋರಿಸಿ. ರಿಪೋರ್ಟಿನಲ್ಲಿ 'ಏನೂ ಇಲ್ಲ' ಅಂತ ಬಂದು ಗಂಟು ಮಾತ್ರ ಹಾಗೇ ಇದ್ದರೆ ಮತ್ತೊಮ್ಮೆ ತೋರಿಸಿ. ಫ್ರೆಡರಿಕ್‌ನ ಕಥೆ ಹೇಳೋದು ಇಷ್ಟೇ.

ಊರಲ್ಲಿರುವ ಅಪ್ಪ-ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೂ ಒಂದು ಮಾತು ಹೇಳಿಬಿಡಿ.