ತಾಯಿ ನೆಟ್ಟ ಸಸಿ: ಸೆನೆಟರ್ ಜಾರ್ಜ್ ನಾರಿಸ್

ಗುಂಡಿಯೊತ್ತಿದರೆ ದೀಪ ಬೆಳಗುತ್ತದೆ, ರೇಡಿಯೋ ನುಡಿಯುತ್ತದೆ. ಪಟ್ಟಣವಾಸಿಗಳಾದ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಈ ಸೌಕರ್ಯ ಹಳ್ಳಿಯ ರೈತನಿಗೂ ದೊರೆಯಬೇಕೆಂದು ಶಾಸನಸಭೆಯಲ್ಲಿ ವರ್ಷಗಟ್ಟಲೆ ಹೆಣಗಿದವರುಂಟು. ಅಮೆರಿಕದ ಜಾರ್ಜ್ ವಿಲಿಯಂ ನಾರಿಸ್ ಅಂಥವರಲ್ಲಿ ಅಗ್ರಗಣ್ಯರು.

ನಾರಿಸ್ ಹುಟ್ಟಿದ್ದು 1861ರಲ್ಲಿ, ಒಹಾಯೊ ಸಂಸ್ಥಾನದ ಒಂದು ಒಕ್ಕಲು ಮನೆತನದಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡರು. ಹಿರಿಯಣ್ಣ ಅಂತರ್ಯುದ್ಧಕ್ಕೆ ಬಲಿಯಾದ. ಸಂಸಾರದ ಹೊರೆಯೆಲ್ಲ ತಾಯಿಯ ಹೆಗಲಿಗೆ ಬಿತ್ತು. ಒಮ್ಮೆ ಆಕೆ ಸಸಿಯೊಂದನ್ನು ನೆಡುತ್ತಿದ್ದಾಗ, ಅದರ ಫಲವನ್ನು ಕಾಣುವವರೆಗೆ ಬದುಕಿರುವೆಯೆಂಬ ಭರವಸೆಯಿಲ್ಲದಿರುವಾಗ ಈ ಶ್ರಮವೇಕೆಂದು ಮಗ ಕೇಳಿದನಂತೆ. ತಾನು ಕಾಣದಿದ್ದರೇನು, ಮತ್ತಾರಾದರೂ ಕಂಡಾರು ಎಂಬುದು ತಾಯಿಯ ಉತ್ತರ. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ನಾರಿಸ್ ಇದನ್ನು ನೆನೆದಿದ್ದಾರೆ.

ನೆಬ್ರಾಸ್ಕ ಸಂಸ್ಥಾನದಲ್ಲಿ ವಕೀಲರಾಗಿ, ನ್ಯಾಯಾಧೀಶರಾಗಿದ್ದ ಅವರು 1903ರಲ್ಲಿ ರಿಪಬ್ಲಿಕನ್ ಪಕ್ಷದ ಸದಸ್ಯರಾಗಿ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದರು. ಆಗ ಸಭಾಧ್ಯಕ್ಷ ಜೋಸೆಫ್ ಕ್ಯಾನನ್ ಅವರ ಕೃಪೆಯಿಲ್ಲದೆ ಯಾವ ಮಸೂದೆಯೂ ಚರ್ಚೆಗೆ ಬರುತ್ತಿರಲಿಲ್ಲ. ಅವರೂ ನಾರಿಸರ ಪಕ್ಷದವರೇ. 1910ರ ಮಾರ್ಚಿಯಲ್ಲಿ ನಾರಿಸ್ ತಮ್ಮ ಜೇಬಿನಲ್ಲಿ ಕಾದಿಟ್ಟಿದ್ದ ನಿರ್ಣಯವೊಂದನ್ನು ಹೊರತೆಗೆದು ಮಂಡಿಸಿದರು. ಹಗಲಿರುಳು ವಾದ ನಡೆಯಿತು. ಕೊನೆಗೆ 191 ಮತಗಳು ಪರವಾಗಿ, 156 ವಿರುದ್ಧವಾಗಿ ಬಂದು, ನಿಯಮ ಸಮಿತಿಯಿಂದ ಸಭಾಧ್ಯಕ್ಷರು ಹೊರಗಾದರು.

1913ರಲ್ಲಿ ನಾರಿಸ್ ಸೆನೆಟಿಗೆ ಹೋದರು. 1917ರಲ್ಲಿ ಮಹಾಯುದ್ಧವನ್ನು ಸೇರುವ ನಿರ್ಣಯವನ್ನು ವಿರೋಧಿಸಿದ ಸೆನೆಟರುಗಳು ಆರೇ ಮಂದಿ, ನಾರಿಸ್ ಅವರಲ್ಲೊಬ್ಬರು. ದೇಶದ್ರೋಹಿಯೆಂಬ ಬೈಗುಳ ಕಿವಿಗೆ ಬಿದ್ದಾಗ ಅವರು ಅಡಗಿ ಕೂರಲಿಲ್ಲ. ತಮ್ಮ ಸಂಸ್ಥಾನದ ಜನರೆದುರು ನಿಂತು ಸಮಜಾಯಿಷಿ ಹೇಳಿದರು. ಮರುವರ್ಷವೇ ಜನ ಅವರನ್ನು ಮತ್ತೆ ಆರಿಸಿದರು.

ಆ ಯುದ್ಧದ ಕಾಲದಲ್ಲೇ ಮದ್ದುಗುಂಡಿನ ನೈಟ್ರೇಟ್ ತಯಾರಿಕೆಗೆಂದು ಸರ್ಕಾರ ಅಲಬಾಮದಲ್ಲಿ ಟೆನೆಸೀ ನದಿಗೆ ಅಣೆಕಟ್ಟು ಕಟ್ಟಲಾರಂಭಿಸಿತ್ತು. ಶಾಂತಿ ಬಂದ ಮೇಲೆ ಕಾರಿನ ಉದ್ಯಮಿ ಹೆನ್ರಿ ಫೋರ್ಡರು ಅದನ್ನು ತಮಗೆ ಕೊಡಬೇಕೆಂದು ಮುಂದೆ ಬಂದರು. ಜನರ ಹಣದಿಂದ ಕಟ್ಟಿದ್ದು ಜನರಿಗೇ ಉಳಿಯಬೇಕೆಂದು ನಾರಿಸ್ ಹಟ ಹಿಡಿದರು. 1924ರಲ್ಲಿ ಫೋರ್ಡರು ಹಿಂದೆ ಸರಿದರು. ಆದರೆ ನಾರಿಸರ ಮಸೂದೆ 1928ರಲ್ಲಿ ಅಧ್ಯಕ್ಷ ಕೂಲಿಜರಿಂದ, 1931ರಲ್ಲಿ ಅಧ್ಯಕ್ಷ ಹೂವರರಿಂದ ತಡೆಯಲ್ಪಟ್ಟಿತು. ಇಬ್ಬರೂ ಅವರ ಪಕ್ಷದವರೇ! ಕಡೆಗೆ 1933ರ ಮೇ 18ರಂದು ಡೆಮೊಕ್ರಾಟ್ ಅಧ್ಯಕ್ಷ ರೂಸ್‌ವೆಲ್ಟರ ಸಹಿಯಿಂದ ಟೆನೆಸೀ ಕಣಿವೆ ಪ್ರಾಧಿಕಾರ ಹುಟ್ಟಿತು. ನೆರೆಯ ನಿಯಂತ್ರಣ, ನೌಕಾಸಂಚಾರ, ವಿದ್ಯುದುತ್ಪಾದನೆ, ಮೂರೂ ಒಂದೇ ಕೈಗೆ ಬಂದವು. ನಮ್ಮ ದೇಶದಲ್ಲಿ 1948ರಲ್ಲಿ ಸ್ಥಾಪಿತವಾದ ದಾಮೋದರ ಕಣಿವೆ ನಿಗಮಕ್ಕೆ ಇದೇ ಮಾದರಿ.

1936ರಲ್ಲಿ ಗ್ರಾಮ ವಿದ್ಯುದೀಕರಣ ಶಾಸನವನ್ನೂ ನಾರಿಸ್ ಮುಂದೆ ನಿಂತು ತಂದರು. ಆಗ ಅಮೆರಿಕದಲ್ಲಿ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. 1950ರ ದಶಕದ ನಡುವಿನ ವೇಳೆಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮನೆಗಳು ಬೆಳಗಿದವು.

ಬೆಳಕಿಗೂ ಬೆಲೆಯುಂಟು. ಅವರ ಹೆಸರನ್ನೇ ಹೊತ್ತ ನಾರಿಸ್ ಅಣೆಕಟ್ಟು 1936ರಲ್ಲಿ ಮುಗಿಯುವಷ್ಟರಲ್ಲಿ ಸುಮಾರು 3,000 ಕುಟುಂಬಗಳು ಹುಟ್ಟಿದ ನೆಲವನ್ನು ತೊರೆಯಬೇಕಾಯಿತು. ಲೋಕೋಪಕಾರದ ಲೆಕ್ಕ ಬರೆಯುವಾಗ ಅವರ ಕಣ್ಣೀರನ್ನು ಬಿಡುವುದು ನ್ಯಾಯವಲ್ಲ.

1942ರ ಚುನಾವಣೆಯಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ನಾರಿಸ್ ಸೋತರು. ನಲವತ್ತು ವರ್ಷ ದುಡಿದವರಿಗೆ ಜನ ಕೊಟ್ಟ ಬೀಳ್ಕೊಡುಗೆ ಅದು. 1944ರ ಸೆಪ್ಟೆಂಬರ್ 2ರಂದು ನೆಬ್ರಾಸ್ಕದ ಮಕ್ಕುಕ್ ಊರಿನಲ್ಲಿ ಅವರು ಕಣ್ಮುಚ್ಚಿದಾಗ ಸಾವಿರಾರು ಹಳ್ಳಿಮನೆಗಳಿಗೆ ಇನ್ನೂ ತಂತಿ ಎಳೆಯಬೇಕಾಗಿತ್ತು. ಅಲ್ಲಿ ದೀಪ ಹತ್ತಿದ್ದನ್ನು ಅವರು ಕಾಣಲಿಲ್ಲ, ಮತ್ತಾರೋ ಕಂಡರು. ತಾಯಿ ಹೇಳಿದ್ದೂ ಅಷ್ಟೇ ಅಲ್ಲವೆ?