ಕಣದಿಂದ ಕಣಕದವರೆಗೆ

ಯೆಹೂದಿಗಳ ಹಳೆಯ ಗ್ರಂಥಗಳ ಬಗ್ಗೆ ಓದತೊಡಗಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ರಾಜರ ಯುದ್ಧಗಳಲ್ಲ, ಒಬ್ಬ ವಿಧವೆಯ ಕಥೆ.

ಆಕೆಗೆ ಇಬ್ಬರು ಹೆಣ್ಣುಮಕ್ಕಳು, ಒಂದೇ ಒಂದು ಹೊಲ. ಉಳಲು ಹೋದರೆ ಮೋಶೆ ಬಂದು, ಎತ್ತು ಕತ್ತೆಗಳನ್ನು ಜೊತೆಗೆ ಹೂಡಬೇಡ ಎಂದ. ಬಿತ್ತುವಾಗ ಎರಡು ಬಗೆಯ ಬೀಜ ಬೆರೆಸಬೇಡ ಎಂದ. ಕೊಯ್ಲಿನಲ್ಲಿ ಹಕ್ಕಲನ್ನೂ ಹೊಲದ ಅಂಚನ್ನೂ ಬಡವರಿಗೆ ಬಿಡು ಎಂದ. ರಾಶಿ ಮಾಡಿದರೆ ಯಾಜಕರ ಪಾಲು, ದಶಮಾಂಶ, ಎರಡನೆಯ ದಶಮಾಂಶ! ಬೇಸತ್ತು ಹೊಲ ಮಾರಿ ಎರಡು ಕುರಿಮರಿ ಕೊಂಡಳು. ಅವು ಈದಾಗ ಚೊಚ್ಚಲ ಮರಿ ತನ್ನದೆಂದು ಯಾಜಕ ಆರೋನ ಬಂದ. ಉಣ್ಣೆ ಕತ್ತರಿಸಿದಾಗ ಮೊದಲ ಉಣ್ಣೆ ಕೇಳಿದ. ಸಾಕಾಗಿ ಕುರಿ ಕೊಯ್ದರೆ ಮುಂಗಾಲು, ದವಡೆ, ಜಠರ ಕೊಡು ಎಂದ. ಹಾಗಾದರೆ ಇದೆಲ್ಲ ದೇವರಿಗೇ ಮೀಸಲು ಎಂದುಬಿಟ್ಟಳು. ಮೀಸಲಾದದ್ದೂ ನನ್ನದೇ ಎಂದು ಅವನು ಎಲ್ಲವನ್ನೂ ಹೊತ್ತುಕೊಂಡು ಹೋದ.

ಅಮ್ಮನಿಗೆ ಇದನ್ನು ಹೇಳಿದಾಗ, "ಆ ಹುಡುಗಿಯರು ಆಮೇಲೇನು ಮಾಡಿದರೇ?" ಎಂದು ಕೇಳಿದಳು. ಕಥೆಯಲ್ಲಿ ಅದಿಲ್ಲ. ತಾಯಿ ಮಕ್ಕಳು ಅಳುತ್ತ ಉಳಿದರು ಎಂಬಲ್ಲಿಗೆ ಮುಗಿಯುತ್ತದೆ.

ಇದನ್ನು ಹೇಳಿದವನು ಮೋಶೆಯ ವಿರುದ್ಧ ದಂಗೆ ಎದ್ದ ಕೋರಹನಂತೆ. ಅವನನ್ನು ಭೂಮಿಯೇ ನುಂಗಿತು. ಆದರೂ ಅವನ ಬಾಯಿಯ ಈ ಕಥೆಯನ್ನು ರಬ್ಬಿಗಳು ಅಳಿಸದೆ ಬರೆದಿಟ್ಟರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು.

ಏರ್ಪಾಡಿಗೆ ಕಾರಣವೇನೋ ಇತ್ತು. ಲೇವಿ ಕುಲದವರಿಗೆ ನಾಡಿನಲ್ಲಿ ಜಮೀನಿನ ಪಾಲಿರಲಿಲ್ಲ, ದೇವರ ಸೇವೆಯೇ ಜೀವನ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾ ಲೆಕ್ಕ ಕೊಡುತ್ತದೆ: ಬೆಳೆಯಲ್ಲಿ ಯಾಜಕರಿಗೆ ಧಾರಾಳಿ ಕೊಡುವುದು 40ರಲ್ಲಿ ಒಂದು ಪಾಲು, ಸಾಧಾರಣದವನು 50ರಲ್ಲಿ ಒಂದು, ಜಿಪುಣ 60ರಲ್ಲಿ ಒಂದು. ಉಳಿದದ್ದರಲ್ಲಿ ಹತ್ತರಲ್ಲೊಂದು ಪಾಲು ಲೇವಿಯರಿಗೆ. ಅವರು ಅದರ ಹತ್ತರಲ್ಲೊಂದನ್ನು ಯಾಜಕರಿಗೆ ಕೊಡಬೇಕು. ಆಮೇಲೆ ಎರಡನೆಯ ದಶಮಾಂಶ. ಏಳು ವರ್ಷದ ಸುತ್ತಿನಲ್ಲಿ 1, 2, 4, 5ನೆಯ ವರ್ಷ ಅದನ್ನು ಮನೆಮಂದಿಯೇ ಯೆರೂಸಲೇಮಿಗೆ ಒಯ್ದು ಉಣ್ಣಬೇಕು. 3 ಮತ್ತು 6ನೆಯ ವರ್ಷ ಆ ಪಾಲು ಬಡವರಿಗೆ. ಏಳನೆಯ ವರ್ಷ ಹೊಲಕ್ಕೇ ವಿಶ್ರಾಂತಿ. ಯಾತ್ರೆ ಹೋಗಿ ಉಂಡು ಬನ್ನಿ ಎನ್ನುವ ಕಾನೂನು ಯಾರಿಗೆ ಬೇಡ, ಹೇಳಿ!

ಆದರೆ ಕೋರಹನ ದೂರು ಬರೀ ಸುಳ್ಳೂ ಅಲ್ಲ. ದೇವಾಲಯದ ಕೊನೆಯ ದಿನಗಳಲ್ಲಿ ಮಹಾಯಾಜಕನ ಆಳುಗಳು ಕಣಗಳಿಗೇ ನುಗ್ಗಿ ದಶಮಾಂಶ ಎತ್ತಿಕೊಂಡು ಹೋದರು, ಕೊಡದವರನ್ನು ಹೊಡೆದರು, ಬಡ ಯಾಜಕರು ಹಸಿದು ಸತ್ತರು ಎಂದು ಜೋಸೆಫಸ್ ಬರೆದಿದ್ದಾನೆ. ಅವನೂ ಯಾಜಕ ಮನೆತನದವನೇ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು. ಕಾಣಿಕೆಗಳಲ್ಲಿ ಒಂದು ಮಾತ್ರ ಹೆಂಗಸರ ಕೈಯಲ್ಲಿ, ಅಡಿಗೆಮನೆಯಲ್ಲಿ ಉಳಿದುಕೊಂಡಿತು. ಅದು ನಾದಿದ ಕಣಕದಿಂದ ಯಾಜಕನಿಗೆಂದು ತೆಗೆಯುವ ಪಾಲು, ಹಲ್ಲಾ. ಮನೆಗಾದರೆ 24ರಲ್ಲಿ ಒಂದು. ಸಂತೆಯಲ್ಲಿ ಮಾರಲೆಂದು ರೊಟ್ಟಿ ಸುಡುವ ಹೆಂಗಸಿಗೆ 48ರಲ್ಲಿ ಒಂದು. ಅವಳ ಹೊಟ್ಟೆಪಾಡನ್ನು ನೆನೆದ ಅದೇ ಮಿಶ್ನಾ, ಹಲ್ಲಾ ತೆಗೆಯುವುದರಲ್ಲಿ ಉದಾಸೀನ ಮಾಡಿದವಳು ಹೆರಿಗೆಯಲ್ಲಿ ಸಾಯುತ್ತಾಳೆಂದೂ ಹೇಳಿದೆ. ಓದಿ ನನಗೆ ಮೈ ಉರಿಯಿತು.

ಈಗ ಅದನ್ನು ತಿನ್ನುವಷ್ಟು ಮಡಿಯಲ್ಲಿರುವ ಯಾಜಕರಿಲ್ಲ. ಸಬ್ಬತ್ತಿನ ರೊಟ್ಟಿಗೆ ಕಣಕ ನಾದುವಾಕೆ ಹಿಟ್ಟು ಇಷ್ಟಕ್ಕಿಂತ ಹೆಚ್ಚಿದ್ದರೆ ಮಂತ್ರ ಹೇಳಿ, ಚಿಕ್ಕ ಉಂಡೆಯೊಂದನ್ನು ಕಿತ್ತು ಬೆಂಕಿಗೆ ಹಾಕುತ್ತಾಳೆ. ಅದನ್ನು ಕೇಳಿಕೊಂಡು ಬಾಗಿಲಿಗೆ ಯಾರೂ ಬರುವುದಿಲ್ಲ.